ಹಾಡಿನಿಂದ ದನಿ ಬಿಡಿಸುವ ಹಂಸ

ನವೆಂಬರ್ ಹತ್ತಿರವಾಗುತ್ತಿದ್ದಂತೆ ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಶಾಲೆಯ ಸ್ಟಾಫ್‌ರೂಮುಗಳಲ್ಲಿ ಒಂದೇ ಪ್ರಶ್ನೆ ಓಡಾಡತೊಡಗುತ್ತದೆ: ‘ಈ ಹಾಡಿನ ಟ್ರ್ಯಾಕ್ ಯಾರ ಹತ್ತಿರವಾದರೂ ಇದೆಯಾ?’ ಮಗು ಹಾಡನ್ನು ಬಾಯಿಪಾಠ ಮಾಡಿದೆ. ರಾಜ್ಯೋತ್ಸವಕ್ಕೆಂದು ಹಳದಿ-ಕೆಂಪು ಬಟ್ಟೆಗೆ ಇಸ್ತ್ರಿಯೂ ಆಗಿದೆ. ಸಿಗದೇ ಇರುವುದು ಒಂದೇ: ಗಾಯಕರ ದನಿ ಇಲ್ಲದ, ವಾದ್ಯಗಳಷ್ಟೇ ಇರುವ ಹಾಡು. ಹಿಂದೆ ಇಂಥ ಹೊತ್ತಿನಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನೋ, ಊರಿನ ಆರ್ಕೆಸ್ಟ್ರಾದವರನ್ನೋ ಹುಡುಕಿಕೊಂಡು ಹೋಗಬೇಕಿತ್ತು. ಈಗ ಮನೆಯ ಹತ್ತನೇ ಕ್ಲಾಸಿನ ಹುಡುಗ ‘ಅಷ್ಟೇ ತಾನೆ?’ ಎನ್ನುತ್ತಾ ಮೂಲ ಹಾಡನ್ನು ಒಂದು ಆ್ಯಪ್‌ಗೆ ಉಣಿಸಿ, ಕೆಲವೇ ನಿಮಿಷಗಳಲ್ಲಿ ದನಿ ಕಳಚಿದ ಹಾಡನ್ನು ಕೈಗಿಡುತ್ತಾನೆ.

ಹಾಲಿಗೆ ನೀರು ಬೆರೆಸಿಟ್ಟರೆ ಹಂಸಪಕ್ಷಿ ಹಾಲನ್ನಷ್ಟೇ ಹೀರಿ ನೀರನ್ನು ಹಾಗೇ ಉಳಿಸುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಅದನ್ನೇ ‘ಹಂಸಕ್ಷೀರ ನ್ಯಾಯ’ ಎನ್ನುತ್ತೇವೆ. ಫೋನಿನೊಳಗೆ ಕುಳಿತ ಈ ಹೊಸ ಹಂಸ ಕೆಲಸ ಮಾಡುವುದು ಹೇಗೆ? ಹಾಲು ಹೀರುವಾಗ ಅದು ನೀರಿನಲ್ಲಿ ಏನೇನು ಬಿಟ್ಟುಹೋಗುತ್ತದೆ? ಉಳಿದದ್ದು ನಿಮ್ಮ ಮಗುವಿನ ಗಂಟಲಿಗೆ ಒಗ್ಗುತ್ತದೆಯೇ? ಈ ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ವೇದಿಕೆಯ ಮೇಲೆ ಮಗುವಿನ ದನಿ ಒಡೆದಾಗ ‘ಇವಳಿಗೆ ಹಾಡಲು ಬರುವುದಿಲ್ಲ’ ಎಂದುಕೊಂಡುಬಿಡುತ್ತಾರೆ. ಎಷ್ಟೋ ಸಲ ತಪ್ಪು ಮಗುವಿನದಲ್ಲ, ಟ್ರ್ಯಾಕಿನದು.

ಖಾಲಿ ಆರ್ಕೆಸ್ಟ್ರಾ

‘ಕರೋಕೆ’ ಜಪಾನಿ ಭಾಷೆಯ ಮಾತು. ‘ಕರ’ ಎಂದರೆ ಖಾಲಿ. ‘ಓಕೆ’ ಎಂಬುದು ‘ಓಕೆಸುತೊರ’ ಎಂಬುದರ ತುಂಡು. ಅಂದರೆ ನಾವು ಹೇಳುವ ಆರ್ಕೆಸ್ಟ್ರಾ. ಹಾಡುಗಾರನ ಜಾಗ ಖಾಲಿ ಇರುವ ವಾದ್ಯವೃಂದ ಎಂದು ಒಟ್ಟು ಅರ್ಥ.

ಒಂದು ಜಾಗವನ್ನು ಖಾಲಿ ಬಿಟ್ಟು ಸಂಗೀತ ಮುದ್ರಿಸುವ ಆಲೋಚನೆ ಇನ್ನೂ ಹಳೆಯದು. ಅಮೆರಿಕದಲ್ಲಿ 1950ರಲ್ಲೇ ‘ಮ್ಯೂಸಿಕ್ ಮೈನಸ್ ಒನ್’ ಎಂಬ ಕಂಪನಿ ಶುರುವಾಗಿತ್ತು. ಹಲವು ವಾದ್ಯಗಳ ಕೃತಿಯಲ್ಲಿ ಒಂದು ವಾದ್ಯವನ್ನು ಮಾತ್ರ ಬಿಟ್ಟು ರೆಕಾರ್ಡ್ ಮಾಡಿ ಮಾರುತ್ತಿದ್ದರು. ಕಲಿಯುವ ವಿದ್ಯಾರ್ಥಿ ಮನೆಯಲ್ಲಿ ಆ ರೆಕಾರ್ಡ್ ಹಾಕಿಕೊಂಡು, ಬಿಟ್ಟುಹೋದ ವಾದ್ಯವನ್ನು ತಾನು ನುಡಿಸುತ್ತಿದ್ದ. ನಮ್ಮ ಗಾಯಕರು ಇಂದಿಗೂ ಇಂಥ ಹಾಡನ್ನು ‘ಮೈನಸ್ ಒನ್ ಟ್ರ್ಯಾಕ್’ ಎಂದು ಕರೆಯುವುದುಂಟು.

ಜಪಾನಿನಲ್ಲಿ 1967ರಲ್ಲಿ ಶಿಗೆಯಿಚಿ ನೆಗಿಶಿ ಎಂಬುವರು ‘ಸ್ಪಾರ್ಕೊ ಬಾಕ್ಸ್’ ಎಂಬ ಕರೋಕೆ ಪೆಟ್ಟಿಗೆ ತಯಾರಿಸಿದರು. ಅವರು ನೂರು ವರ್ಷ ಬದುಕಿ 2024ರಲ್ಲಿ ತೀರಿಕೊಂಡರು. 1971ರಲ್ಲಿ ಕೋಬೆ ನಗರದ ದೈಸುಕೆ ಇನೋವೆ ತಮ್ಮದೇ ಆದ ಯಂತ್ರ ರೂಪಿಸಿದರು. ಇನೋವೆ ಬಾರುಗಳಲ್ಲಿ ಗಿರಾಕಿಗಳು ಹಾಡುವಾಗ ಪಕ್ಕವಾದ್ಯ ನುಡಿಸುತ್ತಿದ್ದವರು. ಒಬ್ಬ ಗಿರಾಕಿಗೆ ಇವರ ಸಾಥ್ ಇಲ್ಲದೆ ಹಾಡಲು ಬರುತ್ತಿರಲಿಲ್ಲ. ಪ್ರವಾಸಕ್ಕೆ ಹೊರಟಾಗ ‘ನೀವೂ ಜೊತೆಗೆ ಬನ್ನಿ’ ಎಂದು ಆತ ಕರೆದ. ಇನೋವೆಗೆ ಹೋಗಲಾಗಲಿಲ್ಲ. ತಾವು ನುಡಿಸಿದ್ದನ್ನು ಟೇಪಿನಲ್ಲಿ ಮುದ್ರಿಸಿ ಕೊಟ್ಟು ಕಳಿಸಿದರು. ಅದರಿಂದ ಹೊಳೆದ ಯೋಚನೆಯೇ ಯಂತ್ರವಾಯಿತು. ಮೊದಲು ಮಾಡಿದ್ದು 11 ಯಂತ್ರ, ಅವನ್ನು ಬಾರುಗಳಿಗೆ ಬಾಡಿಗೆಗೆ ಕೊಟ್ಟರು. ಪೇಟೆಂಟ್ ಮಾಡಿಸಲಿಲ್ಲ. 2004ರಲ್ಲಿ ಅವರಿಗೆ ನಗೆಯ ನೊಬೆಲ್ ಎಂದೇ ಹೆಸರಾದ ‘ಇಗ್ ನೊಬೆಲ್’ ಶಾಂತಿ ಪ್ರಶಸ್ತಿ ಬಂತು. ಜನರು ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಹೊಸದೊಂದು ದಾರಿ ತೋರಿಸಿದ್ದಕ್ಕಾಗಿ!

ಈ ಕಥೆಯಲ್ಲಿ ಒಂದು ಸಂಗತಿ ಗಮನಿಸಿ. ಇನೋವೆ ಯಾರ ದನಿಯನ್ನೂ ತೆಗೆದುಹಾಕಲಿಲ್ಲ. ಹಾಡುವವನ ಗಂಟಲು ಎಷ್ಟು ಮೇಲೇರುತ್ತದೆ, ಅವನು ಎಲ್ಲಿ ತಡವರಿಸುತ್ತಾನೆ ಎಂಬುದನ್ನು ಬಲ್ಲವರಾಗಿ, ಅವನಿಗೆಂದೇ ಹೊಸದಾಗಿ ನುಡಿಸಿಕೊಟ್ಟರು. ಆದರೆ ನಾವು ಈಗ ಮಾಡುತ್ತಿರುವುದು ಬೇರೆ ಕೆಲಸ. ಬೇರೆ ಗಾಯಕರಿಗಾಗಿ ನುಡಿಸಿದ ಸಂಗೀತದಿಂದ ಆ ಗಾಯಕರನ್ನು ಹೊರಗೆ ಕಳಿಸುತ್ತಿದ್ದೇವೆ.

ಎಡ ಕಿವಿ, ಬಲ ಕಿವಿ, ಕಳೆಯುವ ಲೆಕ್ಕ

ಇಯರ್‌ಫೋನಿನ ಪಿನ್ ಸಾಕೆಟ್ಟಿನಲ್ಲಿ ಪೂರ್ತಿ ಕೂರದೆ ಅರ್ಧಕ್ಕೇ ನಿಂತಾಗ ಒಂದು ವಿಚಿತ್ರ ನಡೆಯುವುದನ್ನು ನೀವು ಕಂಡಿರಬಹುದು. ವಾದ್ಯಗಳೆಲ್ಲ ಕೇಳಿಸುತ್ತವೆ, ಹಾಡುಗಾರರು ಮಾತ್ರ ಎಲ್ಲೋ ಬಾವಿಯೊಳಗೆ ನಿಂತಂತೆ ಮಂಕಾಗುತ್ತಾರೆ. ಪಿನ್ ಒತ್ತಿದರೆ ಹಾಡು ಸರಿಹೋಗುತ್ತದೆ. ಇಯರ್‌ಫೋನ್ ಹಾಳಾಯಿತೆಂದು ನಾವು ಬೈದುಕೊಳ್ಳುತ್ತೇವೆ. ನಿಜಕ್ಕೂ ಅಲ್ಲಿ ನಡೆದಿರುವುದು ದನಿ ತೆಗೆಯುವ ಅತ್ಯಂತ ಹಳೆಯ ತಂತ್ರ.

ಸ್ಟೀರಿಯೊ ಹಾಡಿನಲ್ಲಿ ಎಡ ಕಿವಿಗೆ ಒಂದು, ಬಲ ಕಿವಿಗೆ ಒಂದು ಎಂದು ಎರಡು ಧ್ವನಿವಾಹಿನಿಗಳಿರುತ್ತವೆ. ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲಮ್ಲೈನ್ 1931ರಲ್ಲೇ ಸ್ಟೀರಿಯೊಗೆ ಪೇಟೆಂಟ್ ಅರ್ಜಿ ಹಾಕಿದ್ದರು. ಮನೆಮನೆಗೆ ಸ್ಟೀರಿಯೊ ರೆಕಾರ್ಡುಗಳು ಬಂದದ್ದು 1950ರ ದಶಕದ ಕೊನೆಯಲ್ಲಿ. ಹಾಡನ್ನು ಮಿಶ್ರಣ ಮಾಡುವಾಗ ಗಿಟಾರನ್ನು ಸ್ವಲ್ಪ ಎಡಕ್ಕೆ, ಕೊಳಲನ್ನು ಸ್ವಲ್ಪ ಬಲಕ್ಕೆ ಕೂರಿಸುತ್ತಾರೆ. ಮುಖ್ಯ ಗಾಯಕರಿಗೆ ಮಾತ್ರ ನಟ್ಟನಡುವಿನ ಪೀಠ. ನಡುವೆ ಎಂದರೆ ಎಡ-ಬಲ ಎರಡರಲ್ಲೂ ಅವರ ದನಿ ಒಂದೇ ಪ್ರಮಾಣದಲ್ಲಿ, ಒಂದೇ ಕ್ಷಣದಲ್ಲಿ ಇರುತ್ತದೆ.

ಇನ್ನು ಲೆಕ್ಕ ಸುಲಭ. ಎಡದಲ್ಲಿ ದನಿ 10, ಗಿಟಾರ್ 6 ಇದೆ ಎನ್ನಿ. ಬಲದಲ್ಲಿ ದನಿ 10, ಕೊಳಲು 4. ಎಡದಿಂದ ಬಲವನ್ನು ಕಳೆಯಿರಿ. ಹತ್ತರಲ್ಲಿ ಹತ್ತು ಹೋಗಿ ದನಿ ಸೊನ್ನೆಯಾಯಿತು. ಉಳಿದದ್ದು ಗಿಟಾರ್ 6 ಮತ್ತು ‘ಮೈನಸ್’ ಕೊಳಲು 4. ಮೈನಸ್ ಕೊಳಲೆಂದರೆ ಗಾಬರಿ ಬೇಡ. ಅದರ ಅಲೆ ತಲೆಕೆಳಗಾಗಿದೆ, ಅಷ್ಟೆ. ಕಿವಿಗೆ ಅದು ಮಾಮೂಲಿ ಕೊಳಲೇ. ಅರ್ಧ ನಿಂತ ಇಯರ್‌ಫೋನ್ ಪಿನ್ ಮಾಡಿದ್ದೂ ಇದೇ ಕಳೆಯುವ ಲೆಕ್ಕ. ಎರಡಕ್ಕೂ ಸೇರಿದ ಮರಳು ತಂತಿ ತಪ್ಪಿಹೋದಾಗ ಎಡ-ಬಲಗಳ ವ್ಯತ್ಯಾಸವಷ್ಟೇ ಕಿವಿಗೆ ಬೀಳುತ್ತದೆ.

ಮಕ್ಕಳು ಇದನ್ನು ಮನೆಯ ಕಂಪ್ಯೂಟರಿನಲ್ಲೇ ಪರೀಕ್ಷಿಸಬಹುದು. ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶ 2000ನೇ ಇಸವಿಯಿಂದ ಬಳಕೆಯಲ್ಲಿದೆ. ಅದರಲ್ಲಿ ಒಂದು ಸ್ಟೀರಿಯೊ ಹಾಡನ್ನು ತೆರೆಯಿರಿ. ಹಾಡಿನ ಪಟ್ಟಿಯ ಮೆನುವಿನಲ್ಲಿ ‘ಸ್ಪ್ಲಿಟ್ ಸ್ಟೀರಿಯೊ ಟು ಮೊನೊ’ ಒತ್ತಿದರೆ ಎಡ-ಬಲ ಬೇರೆಯಾಗುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿ, ‘ಎಫೆಕ್ಟ್’ ಪಟ್ಟಿಯಲ್ಲಿ ‘ಇನ್ವರ್ಟ್’ ಒತ್ತಿ. ಆ ಅಲೆ ತಲೆಕೆಳಗಾಗುತ್ತದೆ. ಈಗ ಎರಡನ್ನೂ ಒಟ್ಟಿಗೆ ನುಡಿಸಿ. ತಲೆಕೆಳಗು ಮಾಡಿ ಕೂಡಿಸುವುದೂ ಕಳೆಯುವುದೂ ಒಂದೇ. ಸದ್ದು ತಡೆಯುವ ಹೆಡ್‌ಫೋನುಗಳು ಬಸ್ಸಿನ ಗುಂಯ್‌ಗುಟ್ಟುವಿಕೆಯನ್ನು ಅಳಿಸುವುದೂ ಈ ತತ್ತ್ವದಿಂದಲೇ.

ಜೊತೆಗೆ ಹೋದವರು, ಹೋಗದೆ ಉಳಿದವರು

ಇಷ್ಟು ಸಲೀಸಾಗಿದ್ದರೆ ಹಂಸದ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ತೊಂದರೆ ಏನೆಂದರೆ, ಈ ಲೆಕ್ಕಕ್ಕೆ ಗಾಯಕರು ಯಾರು ಎಂಬುದೇ ಗೊತ್ತಿಲ್ಲ. ನಡುವೆ ಕೂತವರು ಯಾರಾದರೂ ಸರಿ, ಎಬ್ಬಿಸಿ ಕಳಿಸುತ್ತದೆ. ಬೇಸ್ ಗಿಟಾರ್, ಡ್ರಮ್ಮಿನ ‘ಧಂ’ ಸಾಮಾನ್ಯವಾಗಿ ನಡುವೆಯೇ ಇರುತ್ತವೆ. ದನಿಯ ಜೊತೆ ಅವೂ ಹೊರಟುಹೋಗಿ, ಹಾಡು ಬುನಾದಿ ಇಲ್ಲದ ಮನೆಯಂತೆ ತೆಳ್ಳಗಾಗುತ್ತದೆ. ಇನ್ನೊಂದು ಕಡೆ, ದನಿಗೆ ಮೆರುಗು ಕೊಡಲೆಂದು ಸೇರಿಸಿದ ಪ್ರತಿಧ್ವನಿ ಎಡ-ಬಲಗಳಲ್ಲಿ ಬೇರೆ ಬೇರೆಯಾಗಿ ಹರಡಿರುತ್ತದೆ. ಅದು ಕಳೆದುಹೋಗುವುದಿಲ್ಲ. ಗಾಯಕರು ಹೋದ ಮೇಲೂ ಅವರ ನೆರಳು ಹಾಡಿನ ತುಂಬ ಅಲೆಯುತ್ತಿರುತ್ತದೆ.

ಹಳೆಯ ಹಾಡುಗಳ ವಿಷಯದಲ್ಲಂತೂ ಈ ತಂತ್ರ ಕೈಚೆಲ್ಲಿಬಿಡುತ್ತದೆ. 1950-60ರ ದಶಕಗಳ ಕನ್ನಡ ಚಿತ್ರಗೀತೆಗಳ ಮುದ್ರಣ ಹೆಚ್ಚಾಗಿ ನಡೆಯುತ್ತಿದ್ದುದು ಮದರಾಸಿನ ಸ್ಟುಡಿಯೊಗಳಲ್ಲಿ. ಗಾಯಕರು, ಪಿಟೀಲಿನವರು, ತಬಲಾದವರು, ಕೊಳಲಿನವರು ಎಲ್ಲರೂ ಒಟ್ಟಿಗೆ ನುಡಿಸಿ ಹಾಡಬೇಕು. ಯಾರೊಬ್ಬರು ತಪ್ಪಿದರೂ ಮತ್ತೆ ಮೊದಲಿನಿಂದ. ಎಲ್ಲ ಸದ್ದೂ ಸೇರಿ ಒಂದೇ ವಾಹಿನಿಯಲ್ಲಿ, ಅಂದರೆ ‘ಮೊನೊ’ ರೂಪದಲ್ಲಿ ಅಚ್ಚಾಗುತ್ತಿತ್ತು. ಅಂಥ ಹಾಡಿನಲ್ಲಿ ಎಡ-ಬಲ ಎರಡೂ ಒಂದೇ. ಎಡದಿಂದ ಬಲವನ್ನು ಕಳೆದರೆ ದನಿ ಹೋಗುತ್ತದೆ, ವಾದ್ಯವೂ ಹೋಗುತ್ತದೆ. ಉಳಿಯುವುದು ಬರೀ ಮೌನ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ಆ ಕಾಲದ ಹಾಡುಗಳಿಗೆ ಟ್ರ್ಯಾಕ್ ಬೇಕೆಂದವರು ವಾದ್ಯಗಳನ್ನೆಲ್ಲ ಹೊಸದಾಗಿ ನುಡಿಸಿಯೇ ಮಾಡಬೇಕಿತ್ತು. ಇಲ್ಲವೇ ಆಸೆ ಬಿಡಬೇಕಿತ್ತು.

ಸದ್ದಿನ ಚಿತ್ರ ಓದುವ ಯಂತ್ರ

ಒಂದೇ ಕಿವಿಯಲ್ಲಿ ಕೇಳಿದರೂ ನಾವು ಮನುಷ್ಯರು ಹಾಡನ್ನೂ ವಾದ್ಯವನ್ನೂ ಬೇರೆಯಾಗಿ ಗುರುತಿಸುತ್ತೇವಲ್ಲ? ಜಾತ್ರೆಯ ಗದ್ದಲದಲ್ಲಿ ಪೀಪಿ, ಮೈಕು, ಮಾರಾಟಗಾರರ ಕೂಗು ಎಲ್ಲದರ ನಡುವೆ ಅಮ್ಮ ಕರೆದದ್ದು ಮಗುವಿಗೆ ಕೇಳಿಸುತ್ತದೆ. ಬ್ರಿಟನ್ನಿನ ಕಾಲಿನ್ ಚೆರಿ 1953ರಲ್ಲಿ ಈ ಶಕ್ತಿಯ ಬಗ್ಗೆ ಪ್ರಯೋಗ ನಡೆಸಿ, ಇದನ್ನು ‘ಕಾಕ್‌ಟೇಲ್ ಪಾರ್ಟಿ ಸಮಸ್ಯೆ’ ಎಂದು ಕರೆದರು. ನಮ್ಮ ಮಟ್ಟಿಗೆ ‘ಜಾತ್ರೆ ಸಮಸ್ಯೆ’ ಎನ್ನೋಣ. ಅಮ್ಮನ ದನಿ ಹೇಗಿರುತ್ತದೆ ಎಂಬ ಪರಿಚಯ ಮೊದಲೇ ಇದ್ದುದರಿಂದ ಮಗು ಅದನ್ನು ಆರಿಸಿಕೊಳ್ಳಬಲ್ಲದು. ಯಂತ್ರಕ್ಕೂ ಇಂಥದೇ ಪರಿಚಯ ಮಾಡಿಸಿದರೆ? ಇಂದಿನ ಹಂಸ ಹುಟ್ಟಿದ್ದು ಈ ಪ್ರಶ್ನೆಯಿಂದ.

ಮೊದಲು ಸದ್ದನ್ನು ಚಿತ್ರವಾಗಿ ಬದಲಿಸುತ್ತಾರೆ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಎಲ್ಲಿ ಸದ್ದು ಜೋರೋ ಅಲ್ಲಿ ಬಣ್ಣ ಗಾಢ. ಎಂಥ ಜಟಿಲ ಅಲೆಯನ್ನೂ ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂದು ಫ್ರಾನ್ಸಿನ ಗಣಿತಜ್ಞ ಫೂರಿಯೆ ಎರಡು ಶತಮಾನಗಳ ಹಿಂದೆ ತೋರಿಸಿಕೊಟ್ಟ ಗಣಿತವೇ ಈ ಚಿತ್ರದ ಆಧಾರ. ಇದರಲ್ಲಿ ತಂಬೂರಿಯ ನಾದ ಅಲುಗದ ಅಡ್ಡಗೆರೆಗಳಾಗಿ ಕಾಣುತ್ತದೆ. ತಬಲಾದ ಪೆಟ್ಟು ನೆಟ್ಟನೆ ನಿಂತ ಪಟ್ಟೆಯಾಗುತ್ತದೆ. ಹಾಡುವ ದನಿ ಒಂದರ ಮೇಲೊಂದು ಏಣಿಯ ಮೆಟ್ಟಿಲಿನಂತೆ ಜೋಡಿಸಿಟ್ಟ ಗೆರೆಗಳಾಗಿ, ಗಮಕ ಬಂದಲ್ಲೆಲ್ಲ ಹಾವಿನಂತೆ ಬಳುಕುತ್ತದೆ. ಸ್ವಲ್ಪ ಅಭ್ಯಾಸವಾದರೆ ಮಕ್ಕಳೂ ಇದನ್ನು ಓದಬಲ್ಲರು.

ಈ ಚಿತ್ರದಲ್ಲಿ ಯಾವ ಚುಕ್ಕಿ ದನಿಯದು, ಯಾವುದು ವಾದ್ಯದ್ದು ಎಂದು ಊಹಿಸುವುದೇ ಯಂತ್ರದ ಕೆಲಸ. ಕಲಿಸುವವರು ದನಿಯನ್ನೂ ವಾದ್ಯಗಳನ್ನೂ ಬೇರೆ ಬೇರೆಯಾಗಿ ಮುದ್ರಿಸಿಟ್ಟ ಹಾಡುಗಳನ್ನು ತರುತ್ತಾರೆ. ಬೆರೆಸಿದ ಹಾಡನ್ನು ಯಂತ್ರಕ್ಕೆ ಕೊಟ್ಟು ‘ಬಿಡಿಸು’ ಎನ್ನುತ್ತಾರೆ. ಅದರ ಉತ್ತರವನ್ನು ನಿಜವಾದ ದನಿಯೊಂದಿಗೆ ಹೋಲಿಸಿ, ತಪ್ಪಾದಷ್ಟು ತಿದ್ದುತ್ತಾರೆ. ಹೀಗೆ ಲೆಕ್ಕವಿಲ್ಲದಷ್ಟು ಸಲ. ಇಂಥ ಕಲಿಕೆಗೆಂದು ಸಂಶೋಧಕರು ಬಳಸುವ ‘ಎಂಯುಎಸ್‌ಡಿಬಿ18’ ಎಂಬ ಪ್ರಸಿದ್ಧ ಸಂಗ್ರಹದಲ್ಲಿ 150 ಹಾಡುಗಳಿವೆ, ಒಟ್ಟು ಸುಮಾರು 10 ಗಂಟೆಯ ಸಂಗೀತ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. 2015ರಲ್ಲಿ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದವರು ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಜೀವಕೋಶದ ಅಂಚುಗಳನ್ನು ಗುರುತಿಸಲು ‘ಯು-ನೆಟ್’ ಎಂಬ ಕೃತಕ ಬುದ್ಧಿಮತ್ತೆಯ ವಿನ್ಯಾಸ ರೂಪಿಸಿದ್ದರು. ಎರಡೇ ವರ್ಷದಲ್ಲಿ, 2017ರಲ್ಲಿ, ಸ್ಪಾಟಿಫೈ ಕಂಪನಿಯ ಸಂಶೋಧಕರು ಅದನ್ನೇ ಸದ್ದಿನ ಚಿತ್ರಕ್ಕೆ ಒಡ್ಡಿ ಹಾಡಿನಿಂದ ದನಿ ಬಿಡಿಸಿದರು. ವೈದ್ಯವಿಜ್ಞಾನಕ್ಕೆಂದು ಮಾಡಿದ ಕತ್ತರಿ ಸಂಗೀತದ ಬಟ್ಟೆ ಕತ್ತರಿಸಿತು! 2019ರಲ್ಲಿ ಫ್ರಾನ್ಸಿನ ಡೀಜರ್ ಕಂಪನಿ ‘ಸ್ಪ್ಲೀಟರ್’ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲೆಂದು ಬಿಡುಗಡೆ ಮಾಡಿತು. ಅದೇ ವರ್ಷ ಫೇಸ್‌ಬುಕ್ ಸಂಶೋಧಕರ ‘ಡೆಮುಕ್ಸ್’ ಬಂತು. ಆ ಬಳಿಕ ದನಿ ತೆಗೆಯುವ ಆ್ಯಪ್‌ಗಳಿಗೆ ಬರವಿಲ್ಲ. ಈ ವಿಧಾನಕ್ಕೆ ಎಡ-ಬಲದ ಹಂಗಿಲ್ಲವಾದ್ದರಿಂದ, ಹಳೆಯ ಮೊನೊ ಹಾಡುಗಳ ಬಾಗಿಲೂ ತೆರೆಯಿತು.

ಹಂಸಕ್ಕೂ ಗೊಂದಲವಾಗುತ್ತದೆ

ಯಂತ್ರ ಮಾಡುವುದು ಊಹೆ ಎಂಬುದನ್ನು ಮರೆಯಬಾರದು. ಅದರ ಪಾಠದ ಹಾಡುಗಳು ಹೆಚ್ಚಾಗಿ ಪಾಶ್ಚಾತ್ಯ ಪಾಪ್, ರಾಕ್ ಶೈಲಿಯವು. ನಮ್ಮ ಸಂಗೀತ ಎದುರಾದಾಗ ಅದಕ್ಕೆ ಪರಿಚಯವಿಲ್ಲದ ಊರಿಗೆ ಬಂದಂತಾಗುತ್ತದೆ.

ಕರ್ನಾಟಕ ಸಂಗೀತದ ಕಛೇರಿಯನ್ನೇ ನೋಡಿ. ಪಿಟೀಲಿನವರು ಹಾಡುಗಾರರ ಹಿಂದೆಯೇ, ಅದೇ ಸ್ವರ, ಅದೇ ಗಮಕ ಹಿಡಿದು ನೆರಳಿನಂತೆ ಸಾಗುತ್ತಾರೆ. ಸದ್ದಿನ ಚಿತ್ರದಲ್ಲಿ ಎರಡೂ ಬಳುಕುವ ಗೆರೆಗಳೇ, ಒಂದರ ಮೇಲೊಂದು ಬಿದ್ದವು. ಯಂತ್ರಕ್ಕೆ ಕಲಿಸಲು ಶುದ್ಧವಾಗಿ ಬೇರ್ಪಟ್ಟ ಮುದ್ರಣಗಳೂ ಸುಲಭವಾಗಿ ಸಿಗುವುದಿಲ್ಲ. ಕಛೇರಿಯಲ್ಲಿ ಎಲ್ಲರೂ ಒಂದೇ ವೇದಿಕೆಯ ಮೇಲೆ ಪಕ್ಕಪಕ್ಕ ಕೂತಿರುವಾಗ ಗಾಯಕರ ಮೈಕಿಗೆ ಪಿಟೀಲೂ ಮೃದಂಗವೂ ಸೋರಿಕೊಳ್ಳುತ್ತವೆ. ಸ್ಪೇನಿನ ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಸಂಶೋಧಕರು ‘ಸರಾಗ’ ಎಂಬ ಹೆಸರಿನಲ್ಲಿ ಕರ್ನಾಟಕ ಮತ್ತು ಹಿಂದುಸ್ತಾನಿ ಸಂಗೀತದ ಸಂಗ್ರಹ ರೂಪಿಸಿದ್ದಾರೆ. ಇಂಥ ಸೋರಿಕೆಯಿರುವ ಮುದ್ರಣಗಳಿಂದಲೂ ಯಂತ್ರಕ್ಕೆ ದನಿ ಬಿಡಿಸುವುದನ್ನು ಕಲಿಸುವ ಪ್ರಯತ್ನ ಅಲ್ಲಿ ನಡೆದಿದೆ.

ಚಿತ್ರಗೀತೆಯಲ್ಲೂ ಇದೇ ಪಾಡು. ಗಾಯಕಿಯ ದನಿಗೆ ಹೊಂದಿ ಸಾಗುವ ಕೊಳಲು, ಪಿಟೀಲು, ಶಹನಾಯಿಗಳ ತುಣುಕುಗಳನ್ನು ಯಂತ್ರ ದನಿಯೆಂದು ಭಾವಿಸಿ ತೆಗೆದುಬಿಡಬಹುದು. ಇನ್ನೊಂದು ಕಡೆ ‘ಸ’, ‘ಶ’ ಅಕ್ಷರಗಳು ಸದ್ದಿನ ಚಿತ್ರದಲ್ಲಿ ಗೆಜ್ಜೆ, ತಾಳಗಳ ಹಾಗೆ ಮೇಲ್ಭಾಗದಲ್ಲಿ ಚೆದುರಿದ ತುಂತುರು. ಯಂತ್ರ ಅವನ್ನು ತಾಳವೆಂದು ಉಳಿಸಿಬಿಡುತ್ತದೆ. ದನಿ ತೆಗೆದ ಹಾಡಿನಲ್ಲಿ ಆಗಾಗ ‘ಸ್... ಸ್...’ ಎಂದು ಕೇಳಿಸುವುದು ಇದಕ್ಕೇ.

ಹೊರಬಿದ್ದ ದನಿ ಎಲ್ಲಿಗೆ ಹೋಗುತ್ತದೆ?

ವಾದ್ಯವನ್ನು ಇಟ್ಟುಕೊಂಡು ದನಿಯನ್ನು ಬಿಡುವವರು ನಾವು. ಇದರ ಉಲ್ಟಾ ಕೆಲಸದಿಂದ ಒಂದು ದೊಡ್ಡ ಸುದ್ದಿಯಾಯಿತು. ಬೀಟಲ್ಸ್ ತಂಡದ ಜಾನ್ ಲೆನನ್ 1970ರ ದಶಕದ ಕೊನೆಯಲ್ಲಿ ಮನೆಯಲ್ಲಿ ಪಿಯಾನೊ ನುಡಿಸುತ್ತಾ ‘ನೌ ಆ್ಯಂಡ್ ದೆನ್’ ಹಾಡನ್ನು ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡಿದ್ದರು. 1980ರಲ್ಲಿ ಅವರ ಕೊಲೆಯಾಯಿತು. 1995ರಲ್ಲಿ ಉಳಿದ ಗೆಳೆಯರು ಅದನ್ನು ಪೂರ್ಣಗೊಳಿಸಲು ಹೊರಟರು. ಆದರೆ ಪಿಯಾನೊ ಮತ್ತು ದನಿ ಅಂಟಿಕೊಂಡಿದ್ದವು, ಬಿಡಿಸಲಾಗಲಿಲ್ಲ. ಚಿತ್ರನಿರ್ದೇಶಕ ಪೀಟರ್ ಜಾಕ್ಸನ್ ಅವರ ತಂಡ ರೂಪಿಸಿದ ತಂತ್ರದಿಂದ ಕೊನೆಗೂ ಲೆನನ್ ದನಿ ಶುದ್ಧವಾಗಿ ಹೊರಬಂತು. 2023ರ ನವೆಂಬರಿನಲ್ಲಿ ಹಾಡು ಬಿಡುಗಡೆಯಾಯಿತು.

ಆದರೆ ಹೊರಬಿದ್ದ ದನಿ ಎಲ್ಲರ ಕೈಯಲ್ಲೂ ಹೀಗೆ ಗೌರವದಿಂದ ಇರುವುದಿಲ್ಲ. ಅದನ್ನೇ ಮಾದರಿಯಾಗಿಟ್ಟುಕೊಂಡು, ಆ ಗಾಯಕರು ಹಾಡದೇ ಇರುವುದನ್ನೂ ಹಾಡಿದಂತೆ ನಕಲು ಮಾಡುವವರಿದ್ದಾರೆ. 2024ರಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಅನುಮತಿಯಿಲ್ಲದೆ ಹೀಗೆ ಬಳಸದಂತೆ ಮಧ್ಯಂತರ ಆದೇಶ ನೀಡಿತು. ದನಿ ಒಬ್ಬರ ಮುಖದಷ್ಟೇ ಅವರ ಸ್ವಂತದ್ದು ಎಂದು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಬೇರೆಯವರ ಅಳತೆಯ ಅಂಗಿ

ಈಗ ಮೂರನೆಯ ಪ್ರಶ್ನೆ. ದನಿ ಚೆನ್ನಾಗಿಯೇ ಹೋಗಿದೆ, ವಾದ್ಯಗಳೂ ಚೆನ್ನಾಗಿ ಉಳಿದಿವೆ ಎಂದುಕೊಳ್ಳಿ. ಆದರೂ ಆ ಟ್ರ್ಯಾಕ್ ಹೊರಟುಹೋದ ಗಾಯಕರ ಅಳತೆಗೆ ಹೊಲಿದ ಅಂಗಿ. ಶ್ರುತಿ ಅವರದು, ಕಾಲ ಅವರದು, ಉಸಿರು ತೆಗೆದುಕೊಳ್ಳಲು ಬಿಟ್ಟ ಜಾಗವೂ ಅವರದು.

ಪ್ರಾಯದ ಗಂಡಸು ಹಾಡಿದ ಹಾಡನ್ನು ಎಂಟು ವರ್ಷದ ಹುಡುಗಿ ಹಾಡುತ್ತಾಳೆ ಎನ್ನಿ. ಅವಳಿಗೆ ಎರಡೇ ದಾರಿ. ಅದೇ ಸ್ಥಾಯಿಯಲ್ಲಿ ಹಾಡಿದರೆ ಕೆಳಗಿನ ಸ್ವರಗಳು ಗಂಟಲಿನಲ್ಲೇ ಹೂತುಹೋಗುತ್ತವೆ. ಒಂದು ಸ್ಥಾಯಿ ಮೇಲೆ ಹಾಡಿದರೆ ಚರಣದಲ್ಲಿ ಕಿರುಚಬೇಕಾಗುತ್ತದೆ. ಅವಳಿಗೆ ಒಗ್ಗುವ ಎತ್ತರ ಇವೆರಡರ ನಡುವೆ ಎಲ್ಲೋ ಇರುತ್ತದೆ. ಹಾರ್ಮೋನಿಯಂ ಮೇಷ್ಟ್ರಾಗಿದ್ದರೆ ಮೊದಲ ಸಾಲಿಗೇ ಇದನ್ನು ಗ್ರಹಿಸಿ ‘ಎರಡು ಮನೆ ಮೇಲೆ ಹಿಡಿಯೋಣವಾ ಪುಟ್ಟಿ?’ ಎನ್ನುತ್ತಿದ್ದರು. ಟ್ರ್ಯಾಕ್ ಹಾಗೆ ಕೇಳುವುದಿಲ್ಲ. ಮಗು ತಾನಾಗಿ ಹೇಳಲೂ ಆಗುವುದಿಲ್ಲ. ಅದಕ್ಕೆ ಗೊತ್ತಿರುವುದು ‘ನನಗೆ ಬರ್ತಿಲ್ಲ’ ಎಂಬುದಷ್ಟೇ.

ಕೇಳಬೇಕಾದವರು ದೊಡ್ಡವರು. ಕೆಲಸ ಕಷ್ಟವೇನಲ್ಲ. ಹಾರ್ಮೋನಿಯಂನಲ್ಲಿ ಒಂದು ಸ್ಥಾಯಿಗೆ ಕಪ್ಪು-ಬಿಳಿ ಸೇರಿ 12 ಮನೆ. ಒಂದು ಮನೆ ಏರಿದರೆ ಸ್ವರದ ಕಂಪನ ಸುಮಾರು ಶೇ 6ರಷ್ಟು ಹೆಚ್ಚುತ್ತದೆ. ಟೇಪಿನ ಕಾಲದಲ್ಲಿ ಶ್ರುತಿ ಏರಿಸಬೇಕೆಂದರೆ ಟೇಪನ್ನೇ ವೇಗವಾಗಿ ಓಡಿಸಬೇಕಿತ್ತು; ಹಾಡೂ ಓಡತೊಡಗುತ್ತಿತ್ತು. ಇಂದಿನ ತಂತ್ರಾಂಶಗಳಲ್ಲಿ ಶ್ರುತಿ ಬೇರೆ, ವೇಗ ಬೇರೆ. ಒಂದನ್ನು ಮುಟ್ಟದೆ ಇನ್ನೊಂದನ್ನು ಬದಲಿಸಬಹುದು.

ಮನೆಯಲ್ಲಿ ಮಾಡುವಾಗ

1. ಮೊದಲು ಟ್ರ್ಯಾಕ್ ಇಲ್ಲದೆ ಮಗುವಿನಿಂದ ಪೂರ್ತಿ ಹಾಡು ಹಾಡಿಸಿ. ಅದು ತಾನಾಗಿ ಹಿಡಿದ ಎತ್ತರವೇ ಹೆಚ್ಚಿನ ಸಲ ಅದರ ಶ್ರುತಿ. ಅತಿ ಮೇಲಿನ ಸ್ವರದಲ್ಲಿ ಕುತ್ತಿಗೆಯ ನರ ಬಿಗಿಯುತ್ತದೆಯೇ, ಅತಿ ಕೆಳಗಿನ ಅಕ್ಷರ ಕೇಳಿಸುತ್ತದೆಯೇ ನೋಡಿ.

2. ದನಿ ತೆಗೆಯಲು ಒಳ್ಳೆಯ ಗುಣಮಟ್ಟದ ಮೂಲ ಹಾಡನ್ನೇ ಆರಿಸಿಕೊಳ್ಳಿ. ಹತ್ತು ಫೋನು ಸುತ್ತಿ, ಪ್ರತಿ ಸಲ ಕುಗ್ಗಿ ಬಂದ ಫೈಲಿನಲ್ಲಿ ಯಂತ್ರಕ್ಕೆ ಗುರುತು ಹಿಡಿಯಲು ಬೇಕಾದ ವಿವರಗಳೇ ಅಳಿಸಿಹೋಗಿರುತ್ತವೆ.

3. ಬಂದ ಟ್ರ್ಯಾಕನ್ನು ಹೆಡ್‌ಫೋನಿನಲ್ಲಿ ಕೊನೆಯವರೆಗೂ ಕೇಳಿ. ಪಲ್ಲವಿ-ಚರಣಗಳ ನಡುವಿನ ವಾದ್ಯಭಾಗದಲ್ಲಿ ಕೊಳಲು ತುಂಡಾಗಿದ್ದರೆ ಅಷ್ಟು ಭಾಗವನ್ನು ಮೂಲ ಹಾಡಿನಿಂದಲೇ ತಂದು ಜೋಡಿಸಬಹುದು. ಅಲ್ಲಿ ಹೇಗೂ ದನಿ ಇರುವುದಿಲ್ಲವಲ್ಲ!

4. ಶ್ರುತಿಯನ್ನು ಒಂದೊಂದೇ ಮನೆ ಬದಲಿಸಿ ಹಾಡಿಸಿ ನೋಡಿ. ಎರಡು-ಮೂರು ಮನೆಯವರೆಗೆ ವಾದ್ಯಗಳು ಸಹಜವಾಗಿಯೇ ಇರುತ್ತವೆ. ಅದಕ್ಕಿಂತ ಹೆಚ್ಚಾದರೆ ತಬಲಾ ಡಬ್ಬಿ ಬಡಿದಂತಾಗುತ್ತದೆ. ಅಷ್ಟು ದೂರ ಹೋಗಬೇಕಾದರೆ ಆ ಹಾಡು ಬಿಟ್ಟು ಬೇರೆ ಹಾಡು ಆರಿಸುವುದೇ ಜಾಣತನ.

5. ಉಸಿರು ಸಾಲದಿದ್ದರೆ ವೇಗ ಬದಲಿಸಿ ನೋಡಿ. ಉದ್ದದ ಸಾಲು ಒಂದೇ ಉಸಿರಿಗೆ ಮುಗಿಯದಿದ್ದರೆ ವೇಗವನ್ನು ಕೊಂಚ ಹೆಚ್ಚಿಸಬೇಕು. ಮಾತುಗಳು ಒತ್ತೊತ್ತಾಗಿ ಎಡವುತ್ತಿದ್ದರೆ ತಗ್ಗಿಸಬೇಕು.

6. ಹನ್ನೆರಡು-ಹದಿನಾಲ್ಕರ ಹುಡುಗರಿಗೆ ಹೋದ ವರ್ಷದ ಟ್ರ್ಯಾಕ್ ಕೊಡಬೇಡಿ. ದನಿ ಒಡೆಯುವ ವಯಸ್ಸಿನಲ್ಲಿ ಶ್ರುತಿ ತಿಂಗಳಿನಿಂದ ತಿಂಗಳಿಗೆ ಇಳಿಯಬಹುದು. ಪ್ರತಿ ಸಲ ಹೊಸದಾಗಿ ಅಳತೆ ತೆಗೆಯಿರಿ.

ಯಾರ ಹಾಡು, ಯಾರ ಹಕ್ಕು

ದನಿ ತೆಗೆದ ಮಾತ್ರಕ್ಕೆ ಹಾಡು ನಮ್ಮದಾಗುವುದಿಲ್ಲ. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಗೀತೆಯ ಸಾಹಿತ್ಯ, ಸ್ವರಸಂಯೋಜನೆ ಮತ್ತು ಧ್ವನಿಮುದ್ರಣ ಮೂರಕ್ಕೂ ಬೇರೆ ಬೇರೆ ಹಕ್ಕುಗಳಿವೆ. ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು ಕರ್ತೃವಿನ ಜೀವಿತಾವಧಿ, ಆ ಬಳಿಕ 60 ವರ್ಷ. ಆದ್ದರಿಂದ ಮುದ್ರಣ ಹಳೆಯದಾಯಿತೆಂದ ಮಾತ್ರಕ್ಕೆ ಸಾಹಿತ್ಯವೂ ಮುಕ್ತವಾಯಿತೆಂದಲ್ಲ.

ಮಕ್ಕಳ ಶಾಲಾ ಕಾರ್ಯಕ್ರಮದ ಬಗ್ಗೆ ಹೆದರಬೇಕಿಲ್ಲ. ಶಾಲೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಶಿಕ್ಷಕರು ಹಾಡುವುದಕ್ಕೂ, ಸಿಬ್ಬಂದಿ, ವಿದ್ಯಾರ್ಥಿ, ಪೋಷಕರಷ್ಟೇ ಇರುವ ಸಭೆಯಲ್ಲಿ ಧ್ವನಿಮುದ್ರಣ ನುಡಿಸುವುದಕ್ಕೂ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಅದೇ ಟ್ರ್ಯಾಕನ್ನು ಮಾರುವುದು, ಟಿಕೆಟ್ ಇಟ್ಟು ಕಾರ್ಯಕ್ರಮ ಮಾಡುವುದು, ಅಂತರ್ಜಾಲಕ್ಕೆ ಏರಿಸುವುದು ಬೇರೆ ಮಾತು. ಅದಕ್ಕೆ ಹಕ್ಕುದಾರರ ಅನುಮತಿ ಬೇಕು. ಯೂಟ್ಯೂಬಿನಂಥ ತಾಣಗಳಲ್ಲಿ ಹಾಡಿನ ಬೆರಳಚ್ಚು ಹೋಲಿಸಿ ನೋಡುವ ವ್ಯವಸ್ಥೆಯೇ ಇದೆ. ಅಜ್ಜಿಗೆ ಮೊಮ್ಮಗಳ ಹಾಡು ತೋರಿಸಬೇಕೆಂದರೆ ವಿಡಿಯೊ ಖಾಸಗಿಯಾಗಿ ಕಳಿಸಿದರೆ ಸಾಕು.

ಕಾಯದ ಪಕ್ಕವಾದ್ಯ

ತಬಲಾದವರು ಎದುರಿಗಿದ್ದರೆ, ಮಗು ಒಂದು ಸಾಲು ಮರೆತಾಗ ಇನ್ನೊಂದು ಆವರ್ತ ಸುತ್ತಿ ಬಂದು ಕಾಯುತ್ತಾರೆ. ಕಣ್ಣಲ್ಲೇ ‘ಈಗ’ ಎಂದು ಸನ್ನೆ ಮಾಡುತ್ತಾರೆ. ಟ್ರ್ಯಾಕ್ ಕಾಯುವುದಿಲ್ಲ. ಮರೆತ ಮಗುವನ್ನು ಅಲ್ಲೇ ಬಿಟ್ಟು ಅದು ಮುಂದೆ ಹೋಗುತ್ತದೆ. ವೇದಿಕೆಯ ಮೇಲೆ ಮೈಕ್ ಹಿಡಿದು ಅಳು ನುಂಗುತ್ತಾ ನಿಂತ ಮಕ್ಕಳಲ್ಲಿ ಹೆಚ್ಚಿನವರು ಹಾಡು ಬಾರದವರಲ್ಲ. ಮುಂದೆ ಹೋದ ಟ್ರ್ಯಾಕನ್ನು ಮತ್ತೆ ಹತ್ತುವುದು ಹೇಗೆಂದು ಯಾರೂ ಹೇಳಿಕೊಡದವರು.

ಇದಕ್ಕೊಂದು ಸಣ್ಣ ಅಭ್ಯಾಸವಿದೆ. ಕಾರ್ಯಕ್ರಮಕ್ಕೆ ವಾರವಿರುವಾಗ ಮನೆಯಲ್ಲಿ ಟ್ರ್ಯಾಕ್ ಹಾಕಿ ಮಗು ಹಾಡುತ್ತಿರುವಾಗಲೇ ನಡುವೆ ಅದರ ಸದ್ದನ್ನು ಪೂರ್ತಿ ತಗ್ಗಿಸಿ. ಹಾಡು ನಿಲ್ಲಿಸಬೇಡ ಎಂದು ಮೊದಲೇ ಹೇಳಿರಿ. ಹತ್ತು ಸೆಕೆಂಡು ಬಿಟ್ಟು ಸದ್ದನ್ನು ಮತ್ತೆ ಏರಿಸಿ. ಮೊದಲ ದಿನ ಮಗು ಒಂದು ಕಡೆ, ಟ್ರ್ಯಾಕ್ ಒಂದು ಕಡೆ ಇರುತ್ತದೆ, ಎಲ್ಲರೂ ನಕ್ಕುಬಿಡಿ. ಇನ್ನೊಂದು ದಿನ ಬೇಕೆಂದೇ ಒಂದು ಸಾಲು ಬಿಟ್ಟು ಮುಂದಿನ ಸಾಲಿಗೆ ಸೇರಿಕೊಳ್ಳಲು ಹೇಳಿ. ನಾಲ್ಕೈದು ದಿನ ಹೀಗೆ ಮಾಡಿದರೆ, ಸದ್ದು ಏರಿಸಿದಾಗ ಮಗುವೂ ಟ್ರ್ಯಾಕೂ ಒಂದೇ ಅಕ್ಷರದ ಮೇಲಿರುವುದು ನಿಮಗೇ ಕೇಳಿಸುತ್ತದೆ. ಆಮೇಲೆ ಸಭೆಯ ದಿನ ಕರೆಂಟು ಹೋದರೂ ಚಿಂತೆಯಿಲ್ಲ. ಮಗು ಹಾಡುತ್ತಲೇ ಇರುತ್ತದೆ.